ಕೈಯಲ್ಲಿ ಹಿಡಿಯುವ ಪಿನ್‌ಪಾಯಿಂಟರ್ ನೆಲದಡಿಯ ಚಿನ್ನ ತೋರಿಸುತ್ತದೆಯೇ? ಕೊಳ್ಳುವ ಮೊದಲು ಇದನ್ನು ಓದಿ

“ಟಾರ್ಚ್‌ನಷ್ಟೇ ಉದ್ದದ ಈ ಕಡ್ಡಿ ಹತ್ತು ಅಡಿ ಆಳದಲ್ಲಿರುವ ಚಿನ್ನವನ್ನೂ ಹುಡುಕಿಕೊಡುತ್ತದೆ. ಹಳೆ ದೇವಸ್ಥಾನ, ಕೋಟೆ, ಕೆರೆ ಏರಿ ಇರುವ ಊರಿನವರು ತಪ್ಪದೆ ಕೊಳ್ಳಿ. ಎಲ್ಲರಿಗೂ ಕಳಿಸಿ.”

ಇಂಥ ಒಕ್ಕಣೆಯ ಸಂದೇಶವೊಂದು ಬೇಗೂರಿನ ಯಾವುದಾದರೂ ಅಪಾರ್ಟ್‌ಮೆಂಟ್ ಗ್ರೂಪಿಗೆ ಬಂದರೆ ಆಸೆ ಹುಟ್ಟುವುದು ಸಹಜ. ಬೇಗೂರಿನಲ್ಲಿ ಸಾವಿರ ವರ್ಷ ದಾಟಿದ ನಾಗೇಶ್ವರ ದೇವಸ್ಥಾನವಿದೆ, ಕೋಟೆಯ ಕುರುಹಿದೆ, ಕೆರೆಯಿದೆ, ವೀರಗಲ್ಲುಗಳಿವೆ. ಪಿನ್‌ಪಾಯಿಂಟರ್ ಎಂಬ ಸಾಧನವೂ ಸುಳ್ಳಲ್ಲ, ಆನ್‌ಲೈನ್ ಅಂಗಡಿಗಳಲ್ಲಿ ಸಿಗುತ್ತದೆ. ಹಾಗಾದರೆ ಸಂದೇಶದಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು?

ಚುಟುಕು ಉತ್ತರ

ಪಿನ್‌ಪಾಯಿಂಟರ್ ನಿಜವಾದ, ಉಪಯುಕ್ತವಾದ ಸಾಧನ. ಆದರೆ ಅದು ನೋಡಬಲ್ಲದ್ದು ಕೆಲವೇ ಸೆಂಟಿಮೀಟರ್ ದೂರ. ಬಹುತೇಕ ಮಾದರಿಗಳಿಗೆ ಚಿನ್ನಕ್ಕೂ ತುಕ್ಕು ಹಿಡಿದ ಮೊಳೆಗೂ ವ್ಯತ್ಯಾಸ ತಿಳಿಯುವುದಿಲ್ಲ. ಹುಲ್ಲಿನಲ್ಲಿ ಬಿದ್ದ ಉಂಗುರ ಹುಡುಕಲು, ಹಳೆ ಮರದಲ್ಲಿ ಅಡಗಿರುವ ಮೊಳೆ ಪತ್ತೆ ಮಾಡಲು ಅದು ಬೇಕು. ನಿಧಿ ಹುಡುಕಲು ಅದು ಸಹಾಯ ಮಾಡುವುದಿಲ್ಲ, ಆ ಕೆಲಸಕ್ಕೆ ಇಳಿದರೆ ಕಾನೂನಿನ ಕೈಗೆ ಸಿಗುತ್ತೀರಿ.

ಇದು ಕೆಲಸ ಮಾಡುವುದು ಹೇಗೆ?

ಸಾಧನದ ತುದಿಯಲ್ಲಿ ತಾಮ್ರದ ತಂತಿಯ ಸಣ್ಣ ಸುರುಳಿ ಇರುತ್ತದೆ. ಅದರಲ್ಲಿ ವಿದ್ಯುತ್ ಹರಿದಾಗ ಸುತ್ತಲೂ ಬದಲಾಗುತ್ತಲೇ ಇರುವ ಕಾಂತಕ್ಷೇತ್ರ ಉಂಟಾಗುತ್ತದೆ. ಹತ್ತಿರದಲ್ಲಿ ಲೋಹವಿದ್ದರೆ ಅದರೊಳಗೆ ಪುಟ್ಟ ಸುಳಿ ವಿದ್ಯುತ್ ಹುಟ್ಟುತ್ತದೆ. ಆ ಸುಳಿ ತನ್ನದೇ ಕಾಂತಕ್ಷೇತ್ರವನ್ನು ಹೊರಹಾಕುತ್ತದೆ. ಈ ಮರುದನಿಯನ್ನು ಸಾಧನ ಗುರುತಿಸಿ ‘ಬೀಪ್’ ಎನ್ನುತ್ತದೆ.

ತೊಂದರೆ ಇರುವುದು ದೂರದಲ್ಲಿ. ಸಣ್ಣ ಸುರುಳಿಯ ಕಾಂತಕ್ಷೇತ್ರ, ದೂರ ಎರಡು ಪಟ್ಟಾದರೆ ಸುಮಾರು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಲೋಹದಿಂದ ಮರಳಿ ಬರುವ ಮರುದನಿಯೂ ಅದೇ ರೀತಿ ಎಂಟನೇ ಒಂದಾಗುತ್ತದೆ. ಎರಡೂ ಸೇರಿದರೆ 64ನೇ ಒಂದು ಭಾಗ. ಐದು ಸೆಂ.ಮೀ. ದೂರದ ನಾಣ್ಯಕ್ಕೆ ಸಾಧನ ಚೆನ್ನಾಗಿ ಸದ್ದು ಮಾಡುತ್ತದೆ ಎಂದುಕೊಳ್ಳಿ. ಹತ್ತು ಅಡಿ ಎಂದರೆ ಅದರ ಸುಮಾರು 60 ಪಟ್ಟು ದೂರ. ಅಲ್ಲಿಂದ ಅದೇ ನಾಣ್ಯದ ಮರುದನಿ ಸುಮಾರು 4,600 ಕೋಟಿಯಲ್ಲಿ ಒಂದು ಭಾಗಕ್ಕೆ ಇಳಿದಿರುತ್ತದೆ. ಬ್ಯಾಟರಿ ಎಷ್ಟೇ ದೊಡ್ಡದಿದ್ದರೂ ಈ ಲೆಕ್ಕವನ್ನು ಮೀರಲಾಗದು. ದೊಡ್ಡ ಮೆಟಲ್ ಡಿಟೆಕ್ಟರ್‌ಗಳಿಗೆ ತಟ್ಟೆಯಷ್ಟು ಅಗಲದ ಸುರುಳಿ ಇರುವುದು ಇದೇ ಕಾರಣಕ್ಕೆ. ಅವು ಕೂಡ ಒಂಟಿ ನಾಣ್ಯವನ್ನು ಹತ್ತು ಅಡಿಯಿಂದ ನೋಡಲಾರವು.

‘ಪಿನ್‌ಪಾಯಿಂಟರ್’ ಎಂಬ ಹೆಸರೇ ಅದರ ಕೆಲಸವನ್ನು ಹೇಳುತ್ತದೆ. ದೊಡ್ಡ ಡಿಟೆಕ್ಟರ್ ‘ಇಲ್ಲೆಲ್ಲೋ ಇದೆ’ ಎಂದು ತೋರಿಸಿದ ಮೇಲೆ, ತೋಡಿದ ಗುಂಡಿಯಲ್ಲಿ ಅಥವಾ ಮಣ್ಣಿನ ಹೆಂಟೆಯಲ್ಲಿ ‘ಇಗೋ ಇಲ್ಲಿ’ ಎಂದು ಹೇಳುವುದು ಇದರ ಕೆಲಸ. ಕೊನೆಯ ಗೇಣಿನ ಕೆಲಸ ಎನ್ನಬಹುದು.

ಫೋನಿನ ಆ್ಯಪ್ ಸಾಕಲ್ಲವೇ?

‘ಗೋಲ್ಡ್ ಡಿಟೆಕ್ಟರ್’ ಎಂಬ ಹೆಸರಿನ ಆ್ಯಪ್‌ಗಳು ಬೇಕಾದಷ್ಟಿವೆ. ಫೋನಿನಲ್ಲಿ ದಿಕ್ಸೂಚಿಗಾಗಿ ಇಟ್ಟಿರುವ ಮ್ಯಾಗ್ನೆಟೋಮೀಟರ್ ಎಂಬ ಸಂವೇದಕವನ್ನೇ ಇವು ಬಳಸಿಕೊಳ್ಳುತ್ತವೆ. ಅದು ಭೂಮಿಯ ಕಾಂತಕ್ಷೇತ್ರವನ್ನು ಅಳೆಯುತ್ತದೆ. ಬೆಂಗಳೂರಿನಲ್ಲಿ ಅದು ಸುಮಾರು 40 ಮೈಕ್ರೋಟೆಸ್ಲಾ. ಕಬ್ಬಿಣ ಅಥವಾ ಆಯಸ್ಕಾಂತ ಹತ್ತಿರ ಬಂದರೆ ಈ ಅಂಕಿ ಏರುಪೇರಾಗುತ್ತದೆ. ಚಿನ್ನ, ಬೆಳ್ಳಿ, ತಾಮ್ರ, ಅಲ್ಯೂಮಿನಿಯಂ ಬಂದರೆ ಏನೂ ಆಗುವುದಿಲ್ಲ.

ಮನೆಯಲ್ಲೇ ಪರೀಕ್ಷಿಸಿ. ಆ್ಯಪ್ ತೆರೆದು ಫೋನಿನ ಬಳಿಗೆ ಒಂದು ಸ್ಕ್ರೂಡ್ರೈವರ್ ತನ್ನಿ, ಅಂಕಿ ಜಿಗಿಯುತ್ತದೆ. ಆಮೇಲೆ ಚಿನ್ನದ ಬಳೆ ತನ್ನಿ, ಅಂಕಿ ಅಲುಗುವುದಿಲ್ಲ. ಹೆಸರಿನಲ್ಲಿ ಚಿನ್ನವಿದ್ದರೂ ಆ್ಯಪ್‌ಗೆ ಚಿನ್ನವೊಂದೇ ಕಾಣದು.

ಬೇಗೂರಿನಂಥ ಕಡೆ ಯಾರಿಗೆ ಬೇಕು?

ಪಿನ್‌ಪಾಯಿಂಟರ್‌ಗೆ ನೇರವಾದ, ದಿನನಿತ್ಯದ ಉಪಯೋಗಗಳಿವೆ.

• ಹುಲ್ಲುಹಾಸು, ಹೂಕುಂಡ, ಮರಳಿನ ಗುಡ್ಡೆಯಲ್ಲಿ ಬಿದ್ದ ಉಂಗುರ, ಓಲೆ, ಕಾಲುಂಗುರ ಹುಡುಕಲು.
• ಹಳೆ ಮನೆ ಕೆಡವಿದಾಗ ಸಿಗುವ ತೇಗದ ತೊಲೆಗಳಲ್ಲಿ ಮುರಿದು ಉಳಿದ ಮೊಳೆ ಪತ್ತೆ ಮಾಡಲು. ಗರಗಸಕ್ಕೆ ಮೊಳೆ ಸಿಕ್ಕಿದರೆ ಹಲ್ಲು ಮುರಿಯುತ್ತದೆ, ಬಡಗಿಯ ಕೈಗೂ ಅಪಾಯ.
• ಮಣ್ಣು ಮುಚ್ಚಿದ ನಲ್ಲಿಯ ವಾಲ್ವ್ ಅಥವಾ ಕಬ್ಬಿಣದ ಮುಚ್ಚಳದ ಅಂಚು ಎಲ್ಲಿದೆ ಎಂದು ತಿಳಿಯಲು, ಅದು ಮೇಲ್ಪದರದಲ್ಲೇ ಇದ್ದರೆ.

ಗೋಡೆಗೆ ಡ್ರಿಲ್ ಹಾಕುವ ಮೊದಲು ವೈರ್ ಎಲ್ಲಿದೆ ಎಂದು ತಿಳಿಯಲು ಮಾತ್ರ ಇದನ್ನು ನಂಬಬೇಡಿ. ವೈರಿನಲ್ಲಿ ಕರೆಂಟ್ ಇದೆಯೋ ಇಲ್ಲವೋ ಇದು ಹೇಳುವುದಿಲ್ಲ, ಕಾಂಕ್ರೀಟಿನ ಕಂಬಿಗೂ ಸದ್ದು ಮಾಡುತ್ತದೆ. ಅದಕ್ಕೆ ಕರೆಂಟ್ ಪತ್ತೆ ಮಾಡುವ ಗೋಡೆ ಸ್ಕ್ಯಾನರ್ ಬೇರೆಯೇ ಇದೆ. ಅದನ್ನು ಬಳಸಿದರೂ ಮೇನ್ ಸ್ವಿಚ್ ಆಫ್ ಮಾಡಿಯೇ ಕೆಲಸ ಮಾಡಬೇಕು.

ಉಂಗುರ ಬಿದ್ದ ಜಾಗ ದೊಡ್ಡದಿದ್ದರೂ ಪಿನ್‌ಪಾಯಿಂಟರ್ ಒಂದೇ ಸಾಲದು. ಆರು ಮೀಟರ್ ಉದ್ದ, ಆರು ಮೀಟರ್ ಅಗಲದ ಹುಲ್ಲುಹಾಸನ್ನು ಮೂರು ಸೆಂ.ಮೀ. ಅಗಲದ ಪಟ್ಟಿಗಳಾಗಿ ತಡವುತ್ತಾ ಹೋದರೆ ಒಟ್ಟು 1,200 ಮೀಟರ್ ಆಗುತ್ತದೆ, ಅದೂ ಮಂಡಿಯೂರಿ. 25 ಸೆಂ.ಮೀ. ಸುರುಳಿಯ ದೊಡ್ಡ ಡಿಟೆಕ್ಟರ್‌ನಲ್ಲಾದರೆ ನಿಂತುಕೊಂಡೇ 144 ಮೀಟರ್. ‘ಈ ಒಂದು ಚದರಡಿಯೊಳಗೇ ಬಿದ್ದಿದೆ’ ಎಂದು ಗೊತ್ತಿದ್ದಾಗ ಪಿನ್‌ಪಾಯಿಂಟರ್ ಹಿಡಿಯಿರಿ.

ಕೊಳ್ಳುವಾಗ ಏನು ನೋಡಬೇಕು?

ಆನ್‌ಲೈನ್‌ನಲ್ಲಿ ಒಂದೆರಡು ಸಾವಿರ ರೂಪಾಯಿಗೂ ಪಿನ್‌ಪಾಯಿಂಟರ್ ಸಿಗುತ್ತದೆ. ಹೆಸರಾಂತ ಕಂಪನಿಗಳವು ಅದರ ಹಲವು ಪಟ್ಟು. ವರ್ಷಕ್ಕೊಮ್ಮೆ ಉಂಗುರ ಹುಡುಕುವವರಿಗೆ ಅಗ್ಗದ್ದು ಸಾಕಾಗಬಹುದು. ದಿನವೂ ಹಳೆ ಮರ ಕೊಯ್ಯುವವರು ಗಟ್ಟಿಯಾದದ್ದನ್ನೇ ಕೊಳ್ಳುವುದು ಲೇಸು. ಯಾವುದನ್ನೇ ಕೊಂಡರೂ ಈ ಅಂಶಗಳನ್ನು ಗಮನಿಸಿ.

ದೂರ: ನಾಣ್ಯವೊಂದನ್ನು ಎರಡರಿಂದ ಎಂಟು ಸೆಂ.ಮೀ. ದೂರದಿಂದ ಗುರುತಿಸಿದರೆ ಒಳ್ಳೆಯ ಸಾಧನ. ಮೀಟರುಗಟ್ಟಲೆ ಎಂದು ಬರೆದಿದ್ದರೆ ಪುಟ ಮುಚ್ಚಿ.

ಸೂಕ್ಷ್ಮತೆಯ ಹಂತ ಮತ್ತು ರೀಟ್ಯೂನ್: ಸೂಕ್ಷ್ಮತೆಯನ್ನು ಹೆಚ್ಚು ಕಡಿಮೆ ಮಾಡಲು ಬರಬೇಕು. ಗುಂಡಿಯೊತ್ತಿ ಅಲ್ಲೇ ಹೊಸದಾಗಿ ಹೊಂದಿಸುವ ‘ರೀಟ್ಯೂನ್’ ಸೌಲಭ್ಯವಿದ್ದರೆ ಉತ್ತಮ. ನಮ್ಮ ಕೆಂಪು ಮಣ್ಣಿನ ಬಣ್ಣಕ್ಕೆ ಕಾರಣವೇ ಕಬ್ಬಿಣದ ಆಕ್ಸೈಡ್. ಇಂಥ ಮಣ್ಣಿಗೆ ತಾಗಿದಾಗ ಕೆಲವು ಸಾಧನಗಳು ಸುಮ್ಮಸುಮ್ಮನೆ ಕೂಗುತ್ತವೆ. ಮಣ್ಣಿಗೆ ಹಿಡಿದೇ ರೀಟ್ಯೂನ್ ಮಾಡಿದರೆ ಆ ಗೊಂದಲ ತಗ್ಗುತ್ತದೆ.

ಸದ್ದು ಮತ್ತು ಕಂಪನ: ಎರಡೂ ಇರಲಿ. ಹತ್ತಿರವಾದಂತೆ ಸದ್ದಿನ ವೇಗ ಹೆಚ್ಚಬೇಕು. ರಸ್ತೆ ಬದಿಯ ಗದ್ದಲದಲ್ಲಿ ಬೀಪ್ ಕೇಳದಿದ್ದರೂ ಕೈಗೆ ಕಂಪನ ತಿಳಿಯುತ್ತದೆ.

ನೀರು: ಐಪಿ ಸಂಖ್ಯೆಯ ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ಐಪಿ66 ಎಂದರೆ ರಭಸದ ನೀರು ಬಿದ್ದರೂ ತಡೆಯುತ್ತದೆ, ಮುಳುಗಿಸುವಂತಿಲ್ಲ. ಐಪಿ67 ಎಂದರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ. ಐಪಿ68 ಎಂದರೆ ಅದಕ್ಕೂ ಹೆಚ್ಚು, ಎಷ್ಟು ಎಂಬುದನ್ನು ಕಂಪನಿಯೇ ಹೇಳಬೇಕು. ಗ್ಯಾರೆಟ್ ಕಂಪನಿಯ ಪ್ರೊ-ಪಾಯಿಂಟರ್ ಎಟಿ ಆರು ಮೀಟರ್ ಎಂದು ಸ್ಪಷ್ಟವಾಗಿ ಹೇಳುತ್ತದೆ. ಬರೀ ‘ವಾಟರ್‌ಪ್ರೂಫ್’ ಎಂದಿದ್ದರೆ ಇಡೀ ಸಾಧನವೋ ತುದಿ ಮಾತ್ರವೋ ಎಂದು ವಿಚಾರಿಸಿ.

ಬ್ಯಾಟರಿ: 9 ವೋಲ್ಟ್ ಬ್ಯಾಟರಿಯಾದರೆ ಪಕ್ಕದ ಅಂಗಡಿಯಲ್ಲಿ ಸಿಗುತ್ತದೆ. ಚಾರ್ಜ್ ಮಾಡುವಂಥದ್ದು ಖರ್ಚು ಉಳಿಸುತ್ತದೆ. ಮರೆತು ಬಿಟ್ಟರೆ ತಾನಾಗಿ ಆಫ್ ಆಗುವ ಸೌಲಭ್ಯ ಇರಲಿ.

‘ಚಿನ್ನ ಮಾತ್ರ’ ಎಂಬ ಜಾಹೀರಾತು: ನಂಬಬೇಡಿ. ಕೆಲವು ದುಬಾರಿ ಮಾದರಿಗಳು ಕಬ್ಬಿಣಕ್ಕೆ ಬೇರೆ ಸದ್ದು ಮಾಡುತ್ತವೆ, ಅಷ್ಟೇ. ಸಣ್ಣ ಚಿನ್ನದ ಉಂಗುರ ಮತ್ತು ಅಲ್ಯೂಮಿನಿಯಂ ಹಾಳೆಯ ತುಂಡು ದೊಡ್ಡ ಡಿಟೆಕ್ಟರ್‌ಗೂ ಒಂದೇ ಥರ ಕಾಣಬಹುದು.

ಮನೆಗೆ ಬಂದ ಮೇಲೆ, ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಪರೀಕ್ಷಿಸಿ. ಕೈಯಲ್ಲಿರುವ ಉಂಗುರ, ಬಳೆ, ವಾಚ್ ತೆಗೆದಿಡಿ. ಹೂಕುಂಡದ ಮಣ್ಣಿನಲ್ಲಿ ಮೂರು ಸೆಂ.ಮೀ. ಆಳಕ್ಕೆ ಉಂಗುರ ಹೂತು, ಸಾಧನ ಗುರುತಿಸುತ್ತದೆಯೇ ನೋಡಿ. ಉಂಗುರ ತೆಗೆದು ಬರೀ ಮಣ್ಣಿಗೆ ಹಿಡಿದಾಗ ಸುಮ್ಮನಿರಬೇಕು. ಸುತ್ತಲಿನ ಲೋಹ ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಹಳೆಯ ಉದಾಹರಣೆಯಿದೆ. 1881ರಲ್ಲಿ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್‌ಫೀಲ್ಡ್ ಅವರ ದೇಹ ಹೊಕ್ಕ ಗುಂಡನ್ನು ಹುಡುಕಲು ಟೆಲಿಫೋನ್ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ ಇದೇ ತತ್ವದ ಸಾಧನ ತಂದರು. ಗುಂಡು ಸಿಗಲಿಲ್ಲ. ಹಾಸಿಗೆಯೊಳಗಿದ್ದ ಲೋಹದ ಸ್ಪ್ರಿಂಗ್‌ಗಳು ಗೊಂದಲ ಮಾಡಿದ್ದು ಅದಕ್ಕೆ ಒಂದು ಕಾರಣ. ಮಂಚ, ಗೇಟು, ಕಂಬಿಯ ಚಪ್ಪಡಿಯಿಂದ ದೂರ ನಿಂತೇ ಪರೀಕ್ಷಿಸಿ.

ದೂರದಿಂದಲೇ ತೋರಿಸುವ ಕಡ್ಡಿ?

ಆಂಟೆನಾ ತಿರುಗಿಸಿ ನೂರಾರು ಮೀಟರ್ ದೂರದ ಚಿನ್ನವನ್ನು ತೋರಿಸುತ್ತದೆ ಎನ್ನುವ ಸಾಧನಗಳು ಇನ್ನೊಂದು ಜಾತಿ. ಇವುಗಳ ಬಗ್ಗೆ ಎಚ್ಚರ. ಬ್ರಿಟನ್ನಿನ ಜೇಮ್ಸ್ ಮೆಕಾರ್ಮಿಕ್ ಎಂಬಾತ ಎಡಿಇ 651 ಎಂಬ ಇಂಥದ್ದೇ ಕಡ್ಡಿಯನ್ನು ಬಾಂಬ್ ಪತ್ತೆ ಸಾಧನವೆಂದು ಇರಾಕ್‌ಗೆ ಮಾರಿದ್ದ. ಅದರೊಳಗೆ ಕೆಲಸ ಮಾಡುವ ಯಾವ ಎಲೆಕ್ಟ್ರಾನಿಕ್ಸೂ ಇರಲಿಲ್ಲ. ಅದರ ಮೂಲ, ಗಾಲ್ಫ್ ಚೆಂಡು ಹುಡುಕುವುದಾಗಿ ಮಾರುತ್ತಿದ್ದ ಅಗ್ಗದ ಆಟಿಕೆ. 2013ರಲ್ಲಿ ಆತನಿಗೆ 10 ವರ್ಷ ಜೈಲು ಶಿಕ್ಷೆಯಾಯಿತು. ಒಂದು ದೇಶದ ಭದ್ರತಾ ಪಡೆಯನ್ನೇ ನಂಬಿಸಿದ ಕಡ್ಡಿ ಒಂದು ವಾಟ್ಸಾಪ್ ಗ್ರೂಪನ್ನು ನಂಬಿಸುವುದು ಕಷ್ಟವಲ್ಲ.

ನಿಧಿ ಆಸೆ ಮತ್ತು ಕಾನೂನು

ಶಾಸನದಲ್ಲಿ ನಿಧಿಯ ಗುರುತು ಬರೆದಿರುತ್ತದೆ, ವೀರಗಲ್ಲಿನ ಕೆಳಗೆ ಕೊಪ್ಪರಿಗೆ ಇರುತ್ತದೆ ಎಂಬ ನಂಬಿಕೆಯಿಂದ ಕರ್ನಾಟಕದ ಎಷ್ಟೋ ಊರುಗಳಲ್ಲಿ ಕಲ್ಲುಗಳನ್ನು ಕಿತ್ತು ಒಡೆದಿದ್ದಾರೆ. ಶಾಸನಗಳಲ್ಲಿ ಇರುವುದು ದಾನ, ತೆರಿಗೆ, ಕೆರೆ, ಯುದ್ಧ, ಸಾವಿನ ವಿವರ.

ಬೇಗೂರನ್ನೇ ನೋಡಿ. ನಾಗೇಶ್ವರ ದೇವಸ್ಥಾನದಲ್ಲಿರುವ ಕ್ರಿ.ಶ. 890ರ ಸುಮಾರಿನ ಶಾಸನ ‘ಬೆಂಗಳೂರ ಕಾಳಗ’ದಲ್ಲಿ ಮಡಿದವರ ನೆನಪಿಗಾಗಿ ಇದೆ. ಬೆಂಗಳೂರು ಎಂಬ ಹೆಸರು ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಬರಹ ಇದೇ. ಹೊಯ್ಸಳ ದೊರೆ ಬಲ್ಲಾಳನಿಗೆ ಮುದುಕಿ ಬೆಂದ ಕಾಳು ಕೊಟ್ಟಿದ್ದರಿಂದ ಊರಿಗೆ ಹೆಸರು ಬಂತು ಎಂಬ ಕಥೆ ನಿಲ್ಲುವುದಿಲ್ಲ ಎಂದು ತೋರಿಸಿದ್ದೂ ಈ ಕಲ್ಲೇ, ಏಕೆಂದರೆ ಇದು ಬಲ್ಲಾಳನಿಗಿಂತ ಶತಮಾನಗಳಷ್ಟು ಹಳೆಯದು. ಬೇಗೂರಿನ ಇನ್ನೊಂದು ವೀರಗಲ್ಲು, ಗಂಗ–ನೊಳಂಬರ ಯುದ್ಧದ ಚಿತ್ರವಿರುವುದು, ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಇಂಥ ಕಲ್ಲಿನ ಬುಡ ಅಗೆಯುವವನಿಗೆ ಸಿಗುವುದು ಮಣ್ಣು. ಊರು ಕಳೆದುಕೊಳ್ಳುವುದು ತನ್ನ ಹೆಸರಿನ ದಾಖಲೆ.

ನಿಜವಾಗಿ ನಾಣ್ಯ ಸಿಕ್ಕರೂ ಬೆಲೆ ಇರುವುದು ಸಿಕ್ಕ ಜಾಗದ ಮಾಹಿತಿಯಲ್ಲಿ. 1891ರಲ್ಲಿ ಯಶವಂತಪುರದ ಬಳಿ ರೈಲ್ವೆ ಕೆಲಸಕ್ಕೆ ಮಣ್ಣು ತೆಗೆಯುವಾಗ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ಎಲ್ಲಿ ಸಿಕ್ಕವು ಎಂಬುದು ದಾಖಲಾದ್ದರಿಂದಲೇ ರೋಮಿನ ಹಣ ಈ ಪ್ರದೇಶದವರೆಗೆ ಬಂದಿತ್ತು ಎಂದು ಇಂದು ಹೇಳಬಲ್ಲೆವು. ಯಾರೋ ಕದ್ದು ಕರಗಿಸಿದ್ದರೆ ಅದು ಬರೀ ಬೆಳ್ಳಿ.

ಕಾನೂನು ಕೂಡ ಸ್ಪಷ್ಟ. ಬ್ರಿಟಿಷರ ಕಾಲದ 1878ರ ನಿಧಿ ಕಾಯ್ದೆಯೇ, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು ಎನ್ನುತ್ತದೆ. ಕರ್ನಾಟಕಕ್ಕೆ 1962ರ ಪ್ರತ್ಯೇಕ ನಿಧಿ ಕಾಯ್ದೆಯಿದೆ. ಸಂರಕ್ಷಿತ ಸ್ಮಾರಕಗಳಲ್ಲಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧ. 1972ರ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ, ವಿಗ್ರಹಗಳು ಪ್ರಾಚ್ಯವಸ್ತುಗಳು. ಪರವಾನಗಿಯಿಲ್ಲದೆ ಅವುಗಳ ವ್ಯಾಪಾರ ಮಾಡುವಂತಿಲ್ಲ. ನಿಧಿಯ ಹೆಸರಿನಲ್ಲಿ ನಡೆಯುವ ಅಮಾನವೀಯ ಆಚರಣೆಗಳನ್ನು ಕರ್ನಾಟಕದ 2017ರ ವಾಮಾಚಾರ ತಡೆ ಕಾಯ್ದೆ ನಿಷೇಧಿಸಿದೆ. ಪಾಯ ತೋಡುವಾಗ ಹಳೆಯದೇನಾದರೂ ಕಂಡರೆ ಕೆಲಸ ನಿಲ್ಲಿಸಿ, ಕದಲಿಸದೆ ಫೋಟೊ ತೆಗೆದು, ತಹಸೀಲ್ದಾರರ ಕಚೇರಿಗೆ ಅಥವಾ ಪೊಲೀಸರಿಗೆ ತಿಳಿಸಿ.

ಫಾರ್ವರ್ಡ್ ಮಾಡುವ ಮೊದಲು

ಆ ಸಂದೇಶ ನಿಮ್ಮ ಗ್ರೂಪಿಗೆ ಬಂದರೆ ಹೀಗೆ ಉತ್ತರಿಸಬಹುದು: “ಪಿನ್‌ಪಾಯಿಂಟರ್ ಕೆಲಸ ಮಾಡುತ್ತದೆ, ಆದರೆ ಕೆಲವೇ ಸೆಂಟಿಮೀಟರ್‌ವರೆಗೆ. ಚಿನ್ನವನ್ನೂ ಮೊಳೆಯನ್ನೂ ಬೇರೆ ಮಾಡುವುದಿಲ್ಲ. ಉಂಗುರ ಕಳೆದಿದ್ದರೆ ಕೊಳ್ಳಿ, ನಿಧಿಗಾಗಿ ಕೊಳ್ಳಬೇಡಿ. ದೇವಸ್ಥಾನ, ವೀರಗಲ್ಲಿನ ಹತ್ತಿರ ಅಗೆದರೆ ಜೈಲು.”

ಉಂಗುರ ಕಳೆದುಕೊಂಡ ನೆರೆಯವರಿದ್ದರೆ ಈ ಲೇಖನವನ್ನು ಅವರಿಗೂ ಕಳಿಸಿ.