ಹಳೆಯ ಬಣ್ಣದ ಟೆಲಿವಿಷನ್ನುಗಳ ಸಂಗ್ರಹವೂ ರಕ್ಷಣೆಯೂ

ನಾಣ್ಯ, ಅಂಚೆಚೀಟಿ, ಬೆಂಕಿಪೊಟ್ಟಣದ ಚಿತ್ರ ಇವುಗಳನ್ನು ಕೂಡಿಸುವವರನ್ನು ನಾವೆಲ್ಲರೂ ಕಂಡಿದ್ದೇವೆ. ಆದರೆ ಒಬ್ಬನಿಂದ ಎತ್ತಲಾಗದ ಹಳೆಯ ಟೆಲಿವಿಷನ್ನುಗಳನ್ನು ಕೂಡಿಸುವವನನ್ನು ಕಂಡರೆ ಜನರು ನಗುವುದು ಸಹಜ. ನನ್ನ ಸಹಪಾಠಿಗಳು ನಮ್ಮ ಮನೆಗೆ 'ಗುಜರಿ ಅಂಗಡಿ' ಎಂದೇ ಹೆಸರಿಟ್ಟಿದ್ದಾರೆ. ಕಳೆದ ಮೂರು ವರ್ಷಗಳಲ್ಲಿ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಈ ಐದು ಊರುಗಳಿಂದ ಒಂದೊಂದರಂತೆ ಐದು ಸೆಟ್ಟುಗಳನ್ನು ತಂದಿದ್ದೇನೆ. ಅವುಗಳಲ್ಲಿ ನಾಲ್ಕು ಇಂದು ಚಿತ್ರವನ್ನು ತೋರಿಸುತ್ತವೆ. ಐದನೆಯದು ಏಕೆ ತೋರಿಸುವುದಿಲ್ಲ ಎಂಬುದನ್ನೂ ಮುಚ್ಚಿಡದೆ ಹೇಳುವೆನು.

"ಕಲಾ ವಿಭಾಗದವನಿಗೆ ಈ ಉದ್ಯೋಗವೇಕೆ?" ಎಂದು ನಮ್ಮ ಇತಿಹಾಸದ ಅಧ್ಯಾಪಕರು ಒಮ್ಮೆ ಕೇಳಿದರು. ನಾನು ಕೊಟ್ಟ ಉತ್ತರವೂ ಇತಿಹಾಸದ್ದೇ. ಬೆಂಗಳೂರಿಗಿಂತ ಮೊದಲು ಟೆಲಿವಿಷನ್ ಕಂಡ ನಾಡು ನಮ್ಮದು.

ನಮ್ಮ ಜಿಲ್ಲೆಗೆ ಚಿತ್ರ ಬಂದ ಬಗೆ

ವಿಕ್ರಮ ಸಾರಾಭಾಯಿಯವರು ಕಂಡ ಕನಸು ಅವರ ಮರಣಾನಂತರ 1975ರ ಆಗಸ್ಟ್ 1ರಂದು ಕೈಗೂಡಿತು. ಅಮೆರಿಕದ ಎ.ಟಿ.ಎಸ್.-6 ಎಂಬ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಒಂದು ವರ್ಷ ಕಾಲ ಕಾರ್ಯಕ್ರಮಗಳನ್ನು ಕಳುಹಿಸಲಾಯಿತು. ಇದಕ್ಕೆ 'ಸೈಟ್' ಪ್ರಯೋಗವೆಂದು ಹೆಸರು. ಕರ್ನಾಟಕದಿಂದ ಆಯ್ದ ಜಿಲ್ಲೆಗಳು ಗುಲ್ಬರ್ಗಾ (ಇಂದಿನ ಕಲಬುರಗಿ), ರಾಯಚೂರು ಮತ್ತು ಬಿಜಾಪುರ. ಕೋಳಿಗೂಡಿಗೆ ಬಳಸುವಂಥ ತಂತಿಯ ಜಾಲರಿಯಿಂದ ಮಾಡಿದ ಹತ್ತು ಅಡಿ ಅಗಲದ ಛತ್ರಿ, ಹೈದರಾಬಾದಿನ ಇ.ಸಿ.ಐ.ಎಲ್. ಸಂಸ್ಥೆಯ ಸೆಟ್ಟು, ಊರವರೆಲ್ಲ ಕೂಡುವ ಒಂದು ಬಯಲು ಇಷ್ಟಿದ್ದರೆ ಆಯಿತು. ಕೆಟ್ಟ ಸೆಟ್ಟುಗಳನ್ನು ದುರಸ್ತಿ ಮಾಡಲು ಪ್ರತ್ಯೇಕ ಕೇಂದ್ರಗಳನ್ನೂ ಏರ್ಪಡಿಸಿದ್ದರು ಎಂಬುದನ್ನು ವಾಚಕರು ಗಮನಿಸಬೇಕು. ನಮ್ಮ ಮುತ್ಯಾ ಆಗ ತರುಣರು. ನೆಂಟರ ಹಳ್ಳಿಗೆ ಹೋದಾಗ ಅದನ್ನು ನೋಡಿದ್ದರಂತೆ. "ಹೊತ್ತು ಮುಳುಗಿದ ಮ್ಯಾಲ ಸಾಲಿ ಮುಂದ ಕುಂದ್ರತಿದ್ದೆವು. ಬಣ್ಣ ಇದ್ದಿಲ್ಲ, ಖರೆ, ಮಾತು ಕನ್ನಡದಾಗ ಇತ್ತು" ಎಂದು ಇಂದಿಗೂ ಹೇಳುತ್ತಾರೆ.

1977ರಲ್ಲಿ ಗುಲ್ಬರ್ಗಾಕ್ಕೆ ಸ್ವಂತ ಪ್ರಸಾರ ಕೇಂದ್ರ ಬಂದಿತು. ಬೆಂಗಳೂರಿಗೆ ದೂರದರ್ಶನ ಬಂದುದು 1981ರಲ್ಲಿ. ದೇಶದಲ್ಲಿ ಬಣ್ಣದ ಪ್ರಸಾರ ಆರಂಭವಾದುದು 1982ರಲ್ಲಿ. ಆ ವರ್ಷ ದಿಲ್ಲಿಯಲ್ಲಿ ಏಷ್ಯನ್ ಕ್ರೀಡೆಗಳು ನಡೆದವು. ಅಲ್ಲಿಂದ ಮುಂದೆ ಡಯನೋರಾ, ಸಾಲಿಡೇರ್, ಬಿ.ಪಿ.ಎಲ್., ಓನಿಡಾ ಮುಂತಾದ ಹೆಸರುಗಳು ಮನೆಮಾತಾದುವು.

ಬಣ್ಣ ಹುಟ್ಟುವ ಬಗೆ

ಪಿಕ್ಚರ್ ಟ್ಯೂಬು ಎಂದರೆ ಗಾಳಿಯನ್ನು ತೆಗೆದ ದೊಡ್ಡ ಗಾಜಿನ ಬುರುಡೆ. ಅದರ ಸಣ್ಣ ಕೊರಳಿನಲ್ಲಿ ಮೂರು ಎಲೆಕ್ಟ್ರಾನ್ ಗನ್ನುಗಳಿರುತ್ತವೆ. ಎಲೆಕ್ಟ್ರಾನಿಗೆ ಬಣ್ಣವಿಲ್ಲ. ಬಣ್ಣವಿರುವುದು ಪರದೆಯ ಒಳಮೈಗೆ ಹಚ್ಚಿದ ಕೆಂಪು, ಹಸಿರು, ನೀಲಿ ಫಾಸ್ಫರಿನಲ್ಲಿ. ಪರದೆಯ ಹಿಂದೆ ಲಕ್ಷಗಟ್ಟಲೆ ಸೂಕ್ಷ್ಮ ರಂಧ್ರಗಳುಳ್ಳ ಲೋಹದ ತಗಡೊಂದಿರುತ್ತದೆ. ಒಂದೊಂದು ಗನ್ನಿನ ಕಿರಣವೂ ಈ ರಂಧ್ರಗಳ ಮೂಲಕ ತನ್ನ ಬಣ್ಣದ ಚುಕ್ಕೆಗೇ ತಾಗುವಂತೆ ಅದು ತಡೆಯುತ್ತದೆ. ಅಂಗಳದ ರಂಗೋಲಿಯನ್ನು ದೂರದಿಂದ ನೋಡಿದಾಗ ಚುಕ್ಕೆಗಳು ಮರೆಯಾಗಿ ಹೂವು ಕಾಣುವಂತೆ ಇಲ್ಲಿಯೂ ಚುಕ್ಕೆಗಳು ಕಣ್ಣಿನಲ್ಲಿ ಬೆರೆತು ಚಿತ್ರವಾಗುತ್ತವೆ. ಒಂದು ಚಿತ್ರಕ್ಕೆ 625 ಗೆರೆಗಳು. ಸೆಕೆಂಡಿಗೆ 25 ಚಿತ್ರಗಳು. ನಮ್ಮ ದೇಶ ಒಪ್ಪಿಕೊಂಡುದು ಜರ್ಮನಿಯ ವಾಲ್ಟರ್ ಬ್ರೂಖ್ ಅವರು 1960ರ ದಶಕದಲ್ಲಿ ರೂಪಿಸಿದ 'ಪಾಲ್' ಪದ್ಧತಿಯನ್ನು. ಇದರಲ್ಲಿ ಬಣ್ಣದ ಸಂಕೇತದ ಒಂದು ಭಾಗವನ್ನು ಗೆರೆ ಬಿಟ್ಟು ಗೆರೆಗೆ ತಿರುವುಮುರುವು ಮಾಡುತ್ತಾರೆ. ದಾರಿಯಲ್ಲಿ ಉಂಟಾದ ತಪ್ಪು ಒಂದು ಗೆರೆಯಲ್ಲಿ ಹೆಚ್ಚಾದರೆ ಮುಂದಿನದರಲ್ಲಿ ಅಷ್ಟೇ ಕಡಿಮೆಯಾಗಿ, ಎರಡೂ ಸರಿಹೋಗುತ್ತವೆ.

ಐದು ಊರು, ಐದು ಪಾಠ

ದುರಸ್ತಿಯನ್ನು ನನಗೆ ಕಲಿಸಿದವರು ವಾಡಿಯ ಒಬ್ಬ ವೃದ್ಧ ರಿಪೇರಿಗಾರರು. ನಾನು ಅವರನ್ನು ಉಸ್ತಾದರೆಂದೇ ಕರೆಯುವುದು. ಅವರ ಮೊದಲ ಪಾಠ ವಿಚಿತ್ರವಾಗಿದ್ದಿತು: "ಒಂದ್ ಕೈ ಕಿಸೇದಾಗ ಇರ್ಲಿ ತಮ್ಮಾ." ಬಣ್ಣದ ಟ್ಯೂಬಿಗೆ 20ರಿಂದ 25 ಸಾವಿರ ವೋಲ್ಟ್ ವಿದ್ಯುತ್ತು ಬೇಕು. ಸ್ವಿಚ್ ಆರಿಸಿದ ಮೇಲೂ ಅದು ಟ್ಯೂಬಿನಲ್ಲಿ ಬಹಳ ಹೊತ್ತು ಉಳಿದಿರಬಹುದು. ಎರಡೂ ಕೈ ಒಳಗಿದ್ದರೆ ವಿದ್ಯುತ್ತು ಒಂದರಿಂದ ಇನ್ನೊಂದಕ್ಕೆ ಎದೆಯ ಮೂಲಕ ಹಾಯುತ್ತದೆ. ಆದುದರಿಂದ ಬಲ್ಲವರು ಜೊತೆಗಿಲ್ಲದೆ ಯಾರೂ ಹಿಂದಿನ ಮುಚ್ಚಳವನ್ನು ಬಿಚ್ಚಬಾರದು.

ಸೇಡಂನ ಸೆಟ್ಟು ಮುತ್ಯಾ 1987ರಲ್ಲಿ ರಾಮಾಯಣ ಧಾರಾವಾಹಿಗೆಂದು ಕೊಂಡುದು. ಚಿತ್ರ ಮೇಲೆ ಕೆಳಗೆ ಕುಗ್ಗಿ ಪಟ್ಟಿಯಂತಾಗಿದ್ದಿತು. ನಮ್ಮ ಭಾಗದ ಬೇಸಿಗೆಗೂ ಸೆಟ್ಟಿನ ಒಳಗಿನ ಕಾವಿಗೂ ಎಲೆಕ್ಟ್ರೋಲೈಟಿಕ್ ಕಂಡೆನ್ಸರಿನ ದ್ರವ ಒಣಗುತ್ತದೆ. ಇಪ್ಪತ್ತು ರೂಪಾಯಿಯೊಳಗಿನ ಹೊಸ ಕಂಡೆನ್ಸರಿನಿಂದ ಅದು ಸರಿಹೋಯಿತು. ವರ್ಷಗಟ್ಟಲೆ ಹೊತ್ತದ ಸೆಟ್ಟನ್ನು ನೇರವಾಗಿ ಹೊತ್ತಿಸಬಾರದು; 100 ವಾಟಿನ ಬಲ್ಬನ್ನು ಸೀರೀಸಿನಲ್ಲಿ ಇಟ್ಟು ಹೊತ್ತಿಸಬೇಕು. ಬಲ್ಬು ಒಮ್ಮೆ ಬೆಳಗಿ ಮಂದವಾದರೆ ಶುಭ; ಬೆಳಗುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆಯೆಂದು ತಿಳಿಯಬೇಕು.

ಚಿತ್ತಾಪುರದ ಸೆಟ್ಟಿನಲ್ಲಿ ಎಲ್ಲರ ಮುಖದ ಮೇಲೂ ಹಸಿರು ಮಚ್ಚೆ. ಪಕ್ಕದಲ್ಲಿ ವರ್ಷಾನುಗಟ್ಟಲೆ ಇಟ್ಟಿದ್ದ ದೊಡ್ಡ ಸ್ಪೀಕರಿನ ಅಯಸ್ಕಾಂತದಿಂದ ಒಳಗಿನ ತಗಡು ಕಾಂತತ್ವ ಹೊಂದಿ ಕಿರಣಗಳು ದಾರಿ ತಪ್ಪಿದ್ದುವು. ಪ್ರತಿ ಸಲ ಹೊತ್ತಿಸಿದಾಗ ಈ ದೋಷವನ್ನು ಕಳೆಯಲೆಂದು ಟ್ಯೂಬಿನ ಸುತ್ತ ತಂತಿಯ ಸುರುಳಿಯೊಂದು ಇರುತ್ತದೆ; ಅದರ ಪೊಸಿಸ್ಟರು ಸತ್ತಿದ್ದಿತು. ವಾಡಿಯ ಸೆಟ್ಟಿನ ಶತ್ರು ಧೂಳು. ಇದು ಕಲ್ಲು ಮತ್ತು ಸುಣ್ಣದ ಸೀಮೆ. ಹೆಚ್ಚಿನ ವೋಲ್ಟೇಜು ನುಣ್ಣನೆಯ ಧೂಳನ್ನು ತನ್ನತ್ತ ಎಳೆಯುತ್ತದೆ. ಮಳೆಗಾಲದ ತೇವ ಸೇರಿದರೆ ಚಿರಚಿರ ಶಬ್ದದೊಡನೆ ನೀಲಿ ಕಿಡಿ ಹಾರಿ ಲೈನ್ ಟ್ರಾನ್ಸ್‌ಫಾರ್ಮರು ಸುಡುತ್ತದೆ. ಈ ಸೆಟ್ಟಿನಲ್ಲಿ ಆದುದೂ ಅದೇ. ಒಣ ಬ್ರಶ್ಶಿನಿಂದ ವರ್ಷಕ್ಕೆ ಎರಡು ಸಲ ಧೂಳು ತೆಗೆಯುವುದೇ ಇದಕ್ಕೆ ಮದ್ದು.

ಶಹಾಬಾದದ ಸೆಟ್ಟು ಮುಪ್ಪಿನದು. ಹೊತ್ತಿಸಿದ ಮೇಲೆ ಹತ್ತು ನಿಮಿಷ ಕಾಯಬೇಕು, ಆಗ ಮಂದವಾದ ಚಿತ್ರ ಮೂಡುತ್ತದೆ. ಗನ್ನುಗಳ ಶಕ್ತಿಯೇ ಕುಂದಿದೆ. ಬದಲಿ ಹೊಸ ಟ್ಯೂಬು ಇಂದು ಅಂಗಡಿಯಲ್ಲಿ ದೊರೆಯದು. ಪ್ರಕಾಶವನ್ನು ತಗ್ಗಿಸಿ, ಹಬ್ಬಕ್ಕೊಮ್ಮೆ ಹೊತ್ತಿಸುತ್ತೇನೆ. ಎಲ್ಲ ಸೆಟ್ಟುಗಳನ್ನೂ ಇಟ್ಟಿರುವುದು ಆ ಊರಿನ ಹಾಸುಗಲ್ಲಿನ ಮೇಲೆಯೇ. ಅದಕ್ಕೆ ಗೆದ್ದಲಿನ ಭಯವಿಲ್ಲ.

ನನ್ನ ತಪ್ಪು

ಚಿಂಚೋಳಿಯ ಸೆಟ್ಟನ್ನು ಕೊಟ್ಟವರು ಒಬ್ಬ ನಿವೃತ್ತ ಶಿಕ್ಷಕರ ಪತ್ನಿ. ಶಿಕ್ಷಕರು ತೀರಿಕೊಂಡು ಬಹಳ ವರ್ಷಗಳಾಗಿದ್ದುವು. ಆ ಅವ್ವನವರು ಹಣ ಮುಟ್ಟಲಿಲ್ಲ. "ಹೊತ್ತಿದ ದಿನ ಒಮ್ಮೆ ಹೇಳಿ ಕಳಸಪಾ, ಬಂದು ನೋಡ್ತೀನಿ" ಎಂದಷ್ಟೇ ಕೇಳಿದರು. ಉಸ್ತಾದರು ಊರಲ್ಲಿರಲಿಲ್ಲ. ಅವರು ಬರುವುದರೊಳಗೆ ಹೊತ್ತಿಸಿ ತೋರಿಸಬೇಕೆಂಬ ಆತುರ ನನ್ನದು. ಟ್ಯೂಬಿನ ಕೊರಳಿಗೆ ಅಂಟಿಕೊಂಡಿದ್ದ ಬೋರ್ಡನ್ನು ಓರೆಯಾಗಿ ಎಳೆದೆನು. ಹಾವು ಬುಸುಗುಟ್ಟಿದಂತೆ ಸಣ್ಣ ಶಬ್ದವಾಯಿತು, ಅಷ್ಟೆ. ಟ್ಯೂಬಿನ ಒಳಗೆ ಕನ್ನಡಿಯಂತೆ ಹೊಳೆಯುವ ಬೆಳ್ಳಿ ಬಣ್ಣದ ಕಲೆಯೊಂದಿರುತ್ತದೆ. ಗಾಳಿ ಹೊಕ್ಕರೆ ಅದು ಹಾಲಿನಂತೆ ಬೆಳ್ಳಗಾಗುತ್ತದೆ. ನನ್ನ ಕಣ್ಣೆದುರಿಗೇ ಅದು ಬೆಳ್ಳಗಾಯಿತು. ಅದಕ್ಕೆ ಮರುಜೀವವಿಲ್ಲ.

ಎರಡು ವಾರ ನಾನು ಚಿಂಚೋಳಿಯ ದಾರಿ ಹಿಡಿಯಲಿಲ್ಲ. ಕೊನೆಗೆ ಉಸ್ತಾದರೇ ಬೈದು ಕಳುಹಿಸಿದರು. ಅವ್ವನವರು ಎಲ್ಲವನ್ನೂ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದರ ಸಾಮಾನು ಬ್ಯಾರೇದಕ್ಕರ ಬರ್ತಾವೇನು?" ಎಂದರು. ವಾಡಿಯ ಸೆಟ್ಟೂ ಅದೇ ಮಾದರಿಯದು. ಇಂದು ಅದು ಬೆಳಗುತ್ತಿರುವುದು ಚಿಂಚೋಳಿಯ ಸೆಟ್ಟಿನ ಲೈನ್ ಟ್ರಾನ್ಸ್‌ಫಾರ್ಮರಿನಿಂದ. ಅವ್ವನವರು ಬಂದು ನೋಡಿ ಹೋದರು. ಒಡೆದ ಟ್ಯೂಬನ್ನು ನಾನು ಬಯಲಿಗೆ ಎಸೆದಿಲ್ಲ; ಅದರ ಗಾಜಿನಲ್ಲಿ ಸೀಸವಿರುವುದರಿಂದ ಅದು ನೆಲ ನೀರುಗಳಿಗೆ ವಿಷ.

ಕೂಡಿಡಬೇಕಾದುದು ಯಾವುದು?

ಸರಿಯಾದ ಸೆಟ್ಟಿಗೂ ಇಂದು ಚಿತ್ರ ಒದಗಿಸುವುದು ಸುಲಭವಲ್ಲ. ದೂರದರ್ಶನದ ಹಳೆಯ ಅನಲಾಗ್ ಗೋಪುರ ಪ್ರಸಾರ ಬಹುಮಟ್ಟಿಗೆ ನಿಂತಿದೆ. ಕೇಬಲ್ ಜಾಲವೂ 2012ರಿಂದ ಹಂತಹಂತವಾಗಿ ಡಿಜಿಟಲ್ ಆಯಿತು. ಆಂಟೆನಾದ ತೂತೊಂದೇ ಇರುವ ಸೆಟ್ಟಿಗೆ ನಾನು ಸೆಟ್‌ಟಾಪ್ ಬಾಕ್ಸಿನ ಚಿತ್ರವನ್ನು ಹಳೆಯ ವಿ.ಸಿ.ಆರ್. ಮೂಲಕ ಹಾಯಿಸಿ ಕೊಡುತ್ತೇನೆ.

ಸೇಡಂ ತಾಲ್ಲೂಕಿನ ಮಳಖೇಡಕ್ಕೆ ಹೋಗಿ ರಾಷ್ಟ್ರಕೂಟರ ರಾಜಧಾನಿಯ ಕಲ್ಲುಗಳನ್ನು ನಾವು ಗೌರವದಿಂದ ನೋಡುತ್ತೇವೆ. ಕಲ್ಲು ಯಾರ ನೆರವೂ ಇಲ್ಲದೆ ಶತಮಾನಗಳ ಕಾಲ ನಿಲ್ಲುತ್ತದೆ. ಯಂತ್ರ ಹಾಗಲ್ಲ, ಅದನ್ನು ಬಲ್ಲ ಕೈ ಇರುವ ವರೆಗೆ ಮಾತ್ರ ಅದಕ್ಕೆ ಜೀವ. ಸೈಟ್ ಪ್ರಯೋಗವನ್ನು ನಡೆಸಿದವರು ಸೆಟ್ಟಿನ ಜೊತೆಗೆ ರಿಪೇರಿಗಾರನನ್ನೂ ಕಳುಹಿಸಿದರು. ನಾನು ಸೆಟ್ಟುಗಳನ್ನು ಕೂಡಿಸಿದೆನೇ ಹೊರತು ಆ ಅರಿವನ್ನು ಕೂಡಿಸುವುದನ್ನು ಮರೆತಿದ್ದೆನು. ಅದಕ್ಕೆ ತೆತ್ತ ಬೆಲೆ ಒಂದು ಟ್ಯೂಬು.

ಉಸ್ತಾದರ ಬಳಿ ಒಂದು ದಪ್ಪ ನೋಟ್‌ಬುಕ್ಕು ಇದೆ. ಯಾವ ಸೆಟ್ಟಿಗೆ ಯಾವ ರೋಗ, ಯಾವ ಮದ್ದು ಎಂಬುದನ್ನು ಅವರು ವರ್ಷಗಳಿಂದ ಉರ್ದು ಅಕ್ಷರಗಳಲ್ಲಿ ಬರೆದಿಟ್ಟಿದ್ದಾರೆ. ಅವರಿಗೆ ಈಗ ಕಣ್ಣು ಮಂಜಾಗಿದೆ. ಭಾನುವಾರಗಳಂದು ಅವರು ತಡವರಿಸುತ್ತ ಓದುತ್ತಾರೆ, ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ. ಇದುವರೆಗೆ ಮುಗಿದಿರುವುದು ಕಾಲು ಭಾಗ ಮಾತ್ರ. ನಮ್ಮ ಕಾಲೇಜಿನಲ್ಲಿ ಉರ್ದು ಬಲ್ಲ ಮಿತ್ರರು ಅನೇಕರಿದ್ದಾರೆ. ಅವರಲ್ಲಿ ಒಬ್ಬಿಬ್ಬರು ನನ್ನೊಡನೆ ವಾಡಿಗೆ ಬಂದರೆ ಉಳಿದುದೂ ಮುಗಿದೀತು.