ಸಿಇಟಿಯೋ, ಜೆಇಇಯೋ? ಮೊದಲು ಕಾಲೇಜು ನೋಡಿ

ಮಕ್ಕಳು ದ್ವಿತೀಯ ಪಿಯು ವಿಜ್ಞಾನಕ್ಕೆ ಬಂದರೆ ಮನೆಯಲ್ಲಿ ಕೇಳಿಬರುವ ಮೊದಲ ಸಲಹೆ, ‘ಎಲ್ಲಕ್ಕೂ ಅರ್ಜಿ ಹಾಕಿಬಿಡು, ಯಾವುದಾದರೂ ಒಂದು ಆಗುತ್ತೆ.’ ಜನವರಿಯಲ್ಲಿ ಜೆಇಇ ಮೇನ್‌ನ ಮೊದಲ ಸೆಷನ್, ಏಪ್ರಿಲ್‌ನಲ್ಲಿ ಎರಡನೆಯದು, ನಡುವೆ ಬೋರ್ಡ್ ಪರೀಕ್ಷೆ, ಬೆನ್ನಿಗೇ ಸಿಇಟಿ, ನೀಟ್, ಕಾಮೆಡ್‌-ಕೆ. ಅರ್ಜಿ ಹಾಕುವುದೇನೋ ಸುಲಭ. ಎಲ್ಲಕ್ಕೂ ಒಂದೇ ಹದದಲ್ಲಿ ಓದುವುದು ಆಗದ ಮಾತು. ಪಾಠ ಹೆಚ್ಚೂಕಡಿಮೆ ಒಂದೇ ಆದರೂ ಕೇಳುವ ರೀತಿ ಬೇರೆ.

ಸಿಇಟಿಯಲ್ಲಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಎಂಆರ್ ಹಾಳೆಯಲ್ಲಿ ಒಂದು ಪ್ರಶ್ನೆಯನ್ನೂ ಖಾಲಿ ಬಿಟ್ಟು ಬರಬಾರದು. ಜೆಇಇ ಮೇನ್‌ನಲ್ಲಿ 75 ಪ್ರಶ್ನೆಗೆ ಮೂರು ಗಂಟೆ, ಕಂಪ್ಯೂಟರ್ ಮುಂದೆ. ಸಮಯ ಧಾರಾಳವಾಗಿದೆ ಎಂದು ಹಿಗ್ಗುವಂತಿಲ್ಲ. ಒಂದೇ ಲೆಕ್ಕ ಎರಡು ಅಧ್ಯಾಯಗಳನ್ನು ಸುತ್ತಿಕೊಂಡು ಬರುತ್ತದೆ. ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ ಮೈನಸ್ 1. ನೀಟ್‌ನಲ್ಲಿ 2025ರಲ್ಲಿ ಬಂದದ್ದು 180 ಪ್ರಶ್ನೆ, ಸಿಕ್ಕಿದ್ದು 180 ನಿಮಿಷ, ಅರ್ಧಕ್ಕರ್ಧ ಜೀವಶಾಸ್ತ್ರ. ಎಂಬಿಬಿಎಸ್ ಬೇಕೆಂದರೆ ನೀಟ್ ಬಿಟ್ಟು ಬೇರೆ ದಾರಿಯಿಲ್ಲ. ಕೃಷಿ, ಫಾರ್ಮಸಿಗೆ ಸಿಇಟಿಯೇ ಬಾಗಿಲು.

ಕೋಚಿಂಗ್ ಜಾಹೀರಾತುಗಳು ಹೇಳದ ಮಾತೊಂದಿದೆ. ಸಿಇಟಿಯ ಎಂಜಿನಿಯರಿಂಗ್ ರ್‍ಯಾಂಕ್‌ನಲ್ಲಿ ಅರ್ಧ ಪಾಲು ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳದ್ದು. ಪಿಯುನಲ್ಲಿ ಶೇ 95, ಸಿಇಟಿಯಲ್ಲಿ ಶೇ 55 ತೆಗೆದ ಹುಡುಗಿಗೆ ಒಟ್ಟು 75. ಪಿಯು ಪುಸ್ತಕ ಮೂಲೆಗಿಟ್ಟು ಸಿಇಟಿಯಲ್ಲಿ ಶೇ 70 ಗಿಟ್ಟಿಸಿ, ಬೋರ್ಡ್‌ನಲ್ಲಿ ಶೇ 76ಕ್ಕೆ ನಿಂತ ಹುಡುಗನಿಗೆ 73. ಕಾಲೇಜಿಗೆ ಹಾಜರಿ ಮಾತ್ರ ಕೊಟ್ಟು ಕೋಚಿಂಗ್‌ನಲ್ಲೇ ದಿನ ಕಳೆಯುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಲಿ.

ಪಠ್ಯಪುಸ್ತಕ ಬಿಡಬಾರದು ಎನ್ನುವುದಕ್ಕೆ 2024ರ ಸಿಇಟಿಯೇ ಸಾಕ್ಷಿ. ಪಠ್ಯಕ್ರಮದಲ್ಲಿಲ್ಲದ ಪ್ರಶ್ನೆಗಳು ಬಂದು ಗದ್ದಲವಾಗಿ, ಕೊನೆಗೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಯಿತು. ಪಠ್ಯ ಬಲ್ಲವನಿಗೆ ಇಂಥ ಪ್ರಶ್ನೆ ಹೊರಗಿನದೆಂದು ತಕ್ಷಣ ಗೊತ್ತಾಗುತ್ತದೆ. ಅದರ ಮೇಲೆ ಐದು ನಿಮಿಷ ಸುರಿಯುವುದಿಲ್ಲ.

ಹಾಗಾದರೆ ಜೆಇಇ ಯಾರಿಗೆ? ಸುರತ್ಕಲ್ಲಿನ ಎನ್‌ಐಟಿಕೆ ಮೇಲೆ ಕಣ್ಣಿದ್ದವರಿಗೆ ಖಂಡಿತ ಬೇಕು. ಅಲ್ಲಿ ಅರ್ಧದಷ್ಟು ಸೀಟು ಕರ್ನಾಟಕದವರಿಗೆ ಮೀಸಲು. ಆದರೆ ‘ಕರ್ನಾಟಕದವರು’ ಎಂದು ತೀರ್ಮಾನವಾಗುವುದು ಹುಟ್ಟೂರಿನಿಂದಲ್ಲ, 12ನೇ ತರಗತಿ ಯಾವ ರಾಜ್ಯದಲ್ಲಿ ಪಾಸಾದರು ಎಂಬುದರಿಂದ. ಮುಂಬೈನಲ್ಲಿ ಓದಿದ ಮಂಗಳೂರಿನ ಹುಡುಗ ಸುರತ್ಕಲ್‌ಗೆ ಹೊರರಾಜ್ಯದವನೇ. ಸಿಇಟಿಯಲ್ಲಿ ಹಾಗಲ್ಲ, ಹೊರನಾಡು, ಗಡಿನಾಡು ಕನ್ನಡಿಗರಿಗೆ ಪ್ರತ್ಯೇಕ ಅವಕಾಶವಿದ್ದು, ಅವರು 50 ಅಂಕಗಳ ಕನ್ನಡ ಪರೀಕ್ಷೆಯನ್ನೂ ಬರೆಯಬೇಕು. ಇನ್ನು ಜೆಇಇ ಇಂಗ್ಲಿಷಿನದೇ ಎಂಬ ಭಯ ಬೇಡ, 2021ರಿಂದ ಮೇನ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ.

ಕಾಮೆಡ್‌-ಕೆ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಪರೀಕ್ಷೆ. ಅಲ್ಲೂ ಮೈನಸ್ ಅಂಕವಿಲ್ಲ, ಸಿಇಟಿಗೆ ಓದಿದ್ದು ಬಹುಪಾಲು ಒದಗುತ್ತದೆ. ಶುಲ್ಕ ಮಾತ್ರ ಅದೇ ಕಾಲೇಜಿನ ಸಿಇಟಿ ಸೀಟಿಗಿಂತ ಬಹಳ ಹೆಚ್ಚು. ಅದನ್ನು ಕಟ್ಟುವ ಶಕ್ತಿ ಮನೆಗೆ ಇದೆಯೇ ಎಂಬ ಮಾತು ಅರ್ಜಿ ಹಾಕುವ ಮುನ್ನವೇ ಆಗಿಬಿಡಲಿ, ರ್‍ಯಾಂಕ್ ಬಂದ ಮೇಲಲ್ಲ.

ಇದಿಷ್ಟು ಓದಿನ ಕಥೆ. ಸಿಇಟಿಯಲ್ಲಿ ಕಾಗದಪತ್ರದ ಕಥೆಯೂ ಇದೆ. 1ರಿಂದ 10ನೇ ತರಗತಿವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ, ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಉಂಟು. ಅದು ಸಿಗಬೇಕಾದರೆ ಬಿಇಒ ಮೇಲುರುಜು ಹಾಕಿದ ವ್ಯಾಸಂಗ ಪ್ರಮಾಣಪತ್ರ, ತಹಶೀಲ್ದಾರ್ ಕಚೇರಿಯ ಜಾತಿ-ಆದಾಯ ಪತ್ರ ಎಲ್ಲವೂ ಸರಿಯಿರಬೇಕು. ಮೂರು ಶಾಲೆ ಬದಲಿಸಿದ ಮಗುವಾದರೆ ಮೂರೂ ಊರು ಸುತ್ತಬೇಕು. ಅಂಕಪಟ್ಟಿಯಲ್ಲಿ ಒಂದು ಇನಿಷಿಯಲ್, ಪ್ರಮಾಣಪತ್ರದಲ್ಲಿ ಇನ್ನೊಂದು ಇದ್ದರೆ ಮತ್ತೆ ಓಡಾಟ. ಈ ಕೆಲಸವನ್ನು ಪರೀಕ್ಷೆ ಮುಗಿಯಲಿ ಎಂದು ಮುಂದೂಡದೆ ದಸರಾ ರಜೆಯಲ್ಲೇ ಪೋಷಕರು ಮುಗಿಸಿಕೊಳ್ಳಲಿ.