ಸ್ಟೇರಿಂಗ್ ಬಿಗಿಯಾದರೆ ಮೊದಲೇ ಪಂಪ್ ಬಿಚ್ಚಿಸಬೇಡಿ

ಕಬ್ಬಿನ ಹಂಗಾಮು ಬಂತೆಂದರೆ ಬುಧಗಾಂವ, ಮಿರಜ, ಕಾಗವಾಡ, ಉಗಾರ, ಅಥಣಿ ಎಲ್ಲ ಕಡೆಯ ಲಾರಿಗಳ ಪಾಡೂ ಒಂದೇ. ಡಾಂಬರು ಬಿಟ್ಟು ಎರೆಹೊಲಕ್ಕೆ ಇಳಿಯಬೇಕು, ಬದು ದಾಟಬೇಕು, ತುಂಬಿದ ಭಾರದೊಂದಿಗೆ ಮತ್ತೆ ರಸ್ತೆಗೆ ಏರಬೇಕು. ನಮ್ಮ ಸದಸ್ಯರಲ್ಲಿ ಲಾರಿ, ಪಿಕಪ್ ಇಟ್ಟುಕೊಂಡವರು ಅನೇಕರು. ಹಂಗಾಮಿನ ನಡುವೆ ಗಾಡಿ ನಾಲ್ಕು ದಿನ ಗ್ಯಾರೇಜಿನಲ್ಲಿ ನಿಂತರೆ ಆ ತಿಂಗಳ ಕಂತು ಕಟ್ಟುವುದು ಹೇಗೆ ಎಂಬ ಚಿಂತೆ ಅವರಿಗೇ ಗೊತ್ತು.

ಸ್ಟೇರಿಂಗ್ ಬಿಗಿಯಾಯಿತು ಎಂದ ಕೂಡಲೇ ಹೆಚ್ಚಿನವರು ಪವರ್ ಸ್ಟೇರಿಂಗ್ ಪಂಪ್ ಮೇಲೆ ತಪ್ಪು ಹೊರಿಸುತ್ತಾರೆ. ಪಂಪ್ ತುಟ್ಟಿ ಸಾಮಾನು. ಅದನ್ನು ಬದಲಿಸುವ ಮೊದಲು ಕಾಸು ಖರ್ಚಿಲ್ಲದ ಕೆಲವು ಪರೀಕ್ಷೆಗಳನ್ನು ನೀವೇ ಮಾಡಬಹುದು.

ಮುಂದಿನ ಟೈರುಗಳ ಗಾಳಿ ಮೊದಲು ನೋಡಿ. ಕೆಸರಿನಲ್ಲಿ ಹಿಡಿತ ಸಿಗಲೆಂದು ಗಾಳಿ ಇಳಿಸಿ, ರಸ್ತೆಗೆ ಬಂದ ಮೇಲೆ ತುಂಬಿಸಲು ಮರೆಯುವುದು ಸಾಮಾನ್ಯ. ಆಮೇಲೆ ಸ್ಟೇರಿಂಗ್ ಎಣ್ಣೆಯ ಡಬ್ಬಿ ತೆರೆಯಿರಿ. ಎಣ್ಣೆಯಲ್ಲಿ ನೊರೆ ಇದ್ದರೆ ಪೈಪಿನೊಳಗೆ ಗಾಳಿ ಸೇರಿದೆ. ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಮಟ್ಟ ಪದೇಪದೇ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ, ಬರೀ ಸುರಿಯುತ್ತಾ ಹೋದರೆ ಆಗದು. ಗಾಡಿಯ ಪುಸ್ತಕದಲ್ಲಿ ಹೇಳಿದ ಎಣ್ಣೆಯನ್ನೇ ಹಾಕಿ, ಕೈಗೆ ಸಿಕ್ಕ ಎಂಜಿನ್ ಆಯಿಲ್ ಬೇಡ. ಬೆಲ್ಟಿನಿಂದ ತಿರುಗುವ ಪಂಪ್ ಇದ್ದರೆ ಬೆಲ್ಟ್ ಸಡಿಲವಾಗಿದೆಯೇ ಎಂದು ಒತ್ತಿ ನೋಡಿ.

ಈಗ ಮುಖ್ಯ ಪ್ರಶ್ನೆ: ಬಿಗಿ ಎರಡೂ ಕಡೆಗೆ ಇದೆಯೋ, ಒಂದೇ ಕಡೆಗೋ? ಪಂಪ್ ದುರ್ಬಲವಾದರೆ ಎಡಕ್ಕೂ ಬಲಕ್ಕೂ ಬಿಗಿಯೇ. ಒಂದೇ ಕಡೆ ಬಿಗಿ ಇದ್ದರೆ ಪಂಪ್ ಬದಲಿಸಿ ಫಲವಿಲ್ಲ. ಸ್ಟೇರಿಂಗ್ ಬಾಕ್ಸಿನೊಳಗಿನ ವಾಲ್ವ್ ಅಥವಾ ಸೀಲ್ ಕಡೆ ಮಿಸ್ತ್ರಿಯ ಗಮನ ಸೆಳೆಯಿರಿ. ತಿರುವು ಮುಗಿದರೂ ಚಕ್ರ ತಾನಾಗಿ ನೇರಕ್ಕೆ ಬರದಿದ್ದರೆ ಎಣ್ಣೆಯ ದೋಷಕ್ಕಿಂತ ಗ್ರೀಸಿಲ್ಲದ ಕಿಂಗ್ ಪಿನ್ನಿನ ಸಂಭವವೇ ಹೆಚ್ಚು. ಹೊಲದ ಕೆಸರು, ಧೂಳು ಮೊದಲು ತಿನ್ನುವುದು ಅದನ್ನೇ. ಗಟ್ಟಿ ನೆಲದಲ್ಲಿ ಹಿಂದಿನ ಚಕ್ರಗಳಿಗೆ ಅಡ್ಡಕಲ್ಲು ಕೊಟ್ಟು, ಮುಂದಿನ ಆಕ್ಸಲ್ ಎತ್ತಿ, ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಗ್ರೀಸ್ ಹೊಡೆಸಿ; ಭಾರ ಇಳಿದಾಗ ಗ್ರೀಸ್ ಎಲ್ಲ ಕಡೆಗೂ ಹೋಗುತ್ತದೆ. ಎರೆಮಣ್ಣಿನಲ್ಲಿ ಜಾಕ್ ಹೂತುಹೋಗುತ್ತದೆ, ಬರೀ ಜಾಕ್ ನಂಬಿ ಯಾರೂ ಕೆಳಗೆ ತೂರಬಾರದು.

ಬದುವಿಗೆ ಚಕ್ರ ಸಿಕ್ಕಿಕೊಂಡಾಗ ಸ್ಟೇರಿಂಗನ್ನು ಪೂರ್ತಿ ತಿರುಗಿಸಿ ಒತ್ತಿ ಹಿಡಿಯುವ ಅಭ್ಯಾಸ ಕೆಲವರಿಗಿದೆ. ಆಗ ಎಣ್ಣೆ ಕಾಯುತ್ತದೆ, ಸೀಲ್ ಸುಡುತ್ತದೆ. 5 ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ. ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡುವುದಂತೂ ಬೇಡವೇ ಬೇಡ. ಎಂಜಿನ್ ನಿಂತರೆ ಪಂಪ್ ನಿಲ್ಲುತ್ತದೆ, ಏರ್ ಬ್ರೇಕಿನ ಗಾಳಿ ತುಂಬುವುದೂ ನಿಲ್ಲುತ್ತದೆ. ತುಂಬಿದ ಲಾರಿಯನ್ನು ಬರೀ ತೋಳಿನ ಬಲದಿಂದ ತಿರುಗಿಸಲು ಹೊರಟವರ ಎದುರಿಗೆ ಯಾರ ಮಗು ಬರುತ್ತದೋ ಯಾರಿಗೆ ಗೊತ್ತು?

ಗಾಡಿ ಒಂದೇ ಕಡೆಗೆ ಎಳೆಯುತ್ತಿದ್ದರೆ ಮುಂದೆ ಮಾತ್ರ ನೋಡಿ ಸುಮ್ಮನಾಗಬೇಡಿ, ಹಿಂದಿನ ಪಾಟಾಗಳನ್ನೂ ನೋಡಿ. ಪಾಟಾಗಳನ್ನು ಆಕ್ಸಲಿಗೆ ಬಿಗಿದು ಹಿಡಿಯುವುದು ಯು ಬೋಲ್ಟ್. ಹೊಲದ ಏರಿಳಿತಕ್ಕೆ ಅದು ಸಡಿಲಾದರೆ ಇಡೀ ಹೊಡೆತ ನಡುವಿನ ಸಣ್ಣ ಸೆಂಟರ್ ಬೋಲ್ಟಿಗೆ ಬೀಳುತ್ತದೆ. ಅದು ತುಂಡಾಯಿತೆಂದರೆ ಆಕ್ಸಲ್ ಒಂದು ಕಡೆ ಹಿಂದಕ್ಕೋ ಮುಂದಕ್ಕೋ ಸರಿಯುತ್ತದೆ, ಲಾರಿ ಏಡಿಯಂತೆ ಓರೆಯಾಗಿ ಓಡುತ್ತದೆ. ಡ್ರೈವರ್ ಮಾತ್ರ ಸ್ಟೇರಿಂಗ್ ಕೆಟ್ಟಿದೆ ಎನ್ನುತ್ತಾನೆ! ಇದನ್ನು ಹಿಡಿಯಲು ಒಂದು ದಾರ ಸಾಕು. ಖಾಲಿ ಗಾಡಿಯನ್ನು ಸಮ ನೆಲದಲ್ಲಿ ಚಕ್ರ ನೇರವಿಟ್ಟು ನಿಲ್ಲಿಸಿ, ಮುಂದಿನ ಚಕ್ರದ ನಡುಬಿಂದುವಿನಿಂದ ಹಿಂದಿನ ಚಕ್ರದ ನಡುಬಿಂದುವಿನವರೆಗೆ ಎರಡೂ ಬದಿ ಅಳೆಯಿರಿ. ಅಳತೆಯಲ್ಲಿ ಎದ್ದು ಕಾಣುವ ವ್ಯತ್ಯಾಸ ಬಂದರೆ ಭಾರ ತುಂಬುವ ಮಾತೇ ಬೇಡ, ಗಾಡಿ ನೇರ ಗ್ಯಾರೇಜಿಗೆ ಹೋಗಲಿ. ಟೈ ರಾಡಿನ ಜೋಡಣೆ ಸಡಿಲಾಗಿ ಸ್ಟೇರಿಂಗ್ ಅಲ್ಲಾಡುತ್ತಿದ್ದರೂ ಇದೇ ಮಾತು.

ಹೆಚ್ಚು ಕಬ್ಬು ಹೇರಲು ಒಂದು ಪಾಟಾ ಹೆಚ್ಚಿಗೆ ಸೇರಿಸುವವರೂ ಇದ್ದಾರೆ. ಅದರಿಂದ ಪರವಾನಗಿಯ ಭಾರ ಏರುವುದಿಲ್ಲ, ಟೈರು, ಬ್ರೇಕು, ಆಕ್ಸಲಿನ ಶಕ್ತಿಯೂ ಏರುವುದಿಲ್ಲ; ಪಾಟಾ ತಾಳುತ್ತಿದ್ದ ಹೊಡೆತ ಚಾಸಿಗೆ ತಗಲುತ್ತದೆ.

ಹೊಸ ಪಾಟಾ ಹಾಕಿಸಿದವರು ಮೊದಲ ಒಂದೆರಡು ಖೇಪುಗಳ ನಂತರ ಯು ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಿ. ಗಾಡಿಯನ್ನು ಜಾಕಿನ ಮೇಲೆ ತೂಗಿಟ್ಟಲ್ಲ, ಪಾಟಾಗಳ ಮೇಲೆ ಭಾರ ಕೂತಿರುವಾಗಲೇ ಬಿಗಿಸಬೇಕು.